ನಡುಗೋಡೆಯ ಕಾವು

ಹೈದರಾಬಾದಿನ ನಟ್ಟನಡುವೆ ಗನ್‌ಫೌಂಡ್ರಿ ಎಂಬ ಬಡಾವಣೆ ಇದೆ. ಹಳಬರು ಈಗಲೂ ಅದನ್ನು ‘ತೋಪ್ ಕಾ ಸಾಂಚಾ’ ಎಂದೇ ಕರೆಯುತ್ತಾರೆ. ತೋಪಿನ ಅಚ್ಚು ಅಂತ ಅರ್ಥ. ನಿಜಾಮರ ಸೇವೆಯಲ್ಲಿದ್ದ ರೇಮಂಡ್ ಎಂಬ ಫ್ರೆಂಚ್ ಸೇನಾನಿ 1786ರ ಸುಮಾರಿಗೆ ಇಲ್ಲಿ ಕುಲುಮೆ ಹೂಡಿ ತೋಪು, ಗುಂಡು ಎರಕ ಹೊಯ್ಯಿಸುತ್ತಿದ್ದ. ಬ್ಯಾಂಕಿನವರಾದ ನಮಗೆ ಈ ಹೆಸರು ಬೇರೆ ಕಾರಣಕ್ಕೆ ಪರಿಚಿತ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ವಿಲೀನವಾಗುವ ತನಕ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಮುಖ್ಯ ಕಚೇರಿ ಅಲ್ಲೇ ಇತ್ತು. ದಿನವೂ ಆ ರಸ್ತೆಯಲ್ಲಿ ಓಡಾಡುವ ಎಷ್ಟೋ ಜನಕ್ಕೆ ಅಲ್ಲೊಂದು ಕಾಲಕ್ಕೆ ಕಬ್ಬಿಣ ಕುದಿಯುತ್ತಿತ್ತು ಎಂಬುದು ಗೊತ್ತಿಲ್ಲ.

ಈ ಕುಲುಮೆ ಇದ್ದ ಜಾಗವನ್ನು ಸ್ವಲ್ಪ ಗಮನಿಸಬೇಕು. ಆಗಿನ ಕೋಟೆಯೊಳಗಿನ ಊರು ಮೂಸಿ ನದಿಯ ದಕ್ಷಿಣಕ್ಕಿತ್ತು. ಕುಲುಮೆ ಇದ್ದದ್ದು ನದಿಯ ಉತ್ತರಕ್ಕೆ, ಊರ ಹೊರಗೆ. ದೊಡ್ಡ ಬೆಂಕಿ ಊರ ಹೊರಗಿರಬೇಕು ಎಂಬುದು ಎಲ್ಲ ಊರುಗಳಿಗೂ ತಿಳಿದ ಮಾತು. ಕುಂಬಾರನ ಆವಿಗೆ, ಸುಣ್ಣದ ಭಟ್ಟಿ, ಇಟ್ಟಿಗೆ ಗೂಡು ಎಲ್ಲವೂ ನಮ್ಮ ಹಳ್ಳಿಗಳಲ್ಲಿ ಊರಾಚೆಯೇ ಇರುತ್ತಿದ್ದವು. ಪೇಚಾಟ ಇರುವುದು ಸಣ್ಣ ಬೆಂಕಿಯದು. ಸಣ್ಣ ಬೆಂಕಿಯನ್ನು ಊರ ಹೊರಗೆ ಕಳಿಸಲಾಗುವುದಿಲ್ಲ, ಏಕೆಂದರೆ ಅದು ಬೇಯಿಸಿದ್ದು ಬೆಳಗಾಗುವಷ್ಟರಲ್ಲಿ ನಮಗೆ ಮನೆ ಬಾಗಿಲಲ್ಲೇ ಬೇಕು.

ಹೈದರಾಬಾದು ಇಂಥ ಸಣ್ಣ ಬೆಂಕಿಗಳ ಊರು. ಚಾರ್‌ಮಿನಾರಿನ ಪಕ್ಕದ ಲಾಡ್ ಬಜಾರಿಗೆ ಹೋಗಿ ನೋಡಿ. ಕೆಂಡದ ಮೇಲೆ ಅರಗು ಕಾಯಿಸಿ, ಬಳೆ ತೀಡಿ, ಹರಳು ಕೂರಿಸುತ್ತಾರೆ. ಆ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲೇ, 2010ರಲ್ಲಿ, ಇಲ್ಲಿನ ಹಲೀಮಿಗೆ ಅದೇ ಮಾನ್ಯತೆ ದೊರೆತಿತ್ತು. ನಾನು ಹಲೀಮು ತಿಂದವನಲ್ಲ, ಆದರೆ ರಂಜಾನಿನಲ್ಲಿ ಅದು ಬೇಯುವುದನ್ನು ನಿಂತು ನೋಡಿದ್ದೇನೆ. ಇಟ್ಟಿಗೆ ಮಣ್ಣಿನ ಭಟ್ಟಿಯೊಳಗೆ ಕುತ್ತಿಗೆ ತನಕ ಹೂತಿಟ್ಟ ಹಂಡೆ. ಅದರಲ್ಲಿ ಗೋಧಿ, ಮಾಂಸ ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ತಾಸು ಬೇಯಬೇಕು. ಉದ್ದನೆಯ ಮರದ ಕೋಲು ಹಿಡಿದು ಇಬ್ಬರು ನಿಂತು ಕುಟ್ಟಿ ತಿರುವುತ್ತಾರೆ. ಇನ್ನು ವರ್ಷವಿಡೀ ಉರಿಯುವುದು ಬೇಕರಿಯ ಭಟ್ಟಿ. ಇರಾನಿನ ಯಜ್ದ್, ಕೆರ್ಮಾನ್ ಕಡೆಯಿಂದ ಮುಂಬಯಿ ಮಾರ್ಗವಾಗಿ ಬಂದವರು ಈ ಊರಿಗೆ ಇರಾನಿ ಚಹಾ ಕೊಟ್ಟರು. ಚಹಾದ ಜೊತೆಗೆ ಬನ್, ಖಾರಿ, ಉಸ್ಮಾನಿಯಾ ಬಿಸ್ಕೀಟು ಬೇಕೇಬೇಕಲ್ಲ, ಹೀಗಾಗಿ ಗಲ್ಲಿಗೊಂದು ಭಟ್ಟಿ.

ಈ ಭಟ್ಟಿಗಳೂ ಮಲಗುವ ಕೋಣೆಗಳೂ ಒಂದೇ ಗೋಡೆಯ ಎರಡು ಮೈ ಹಂಚಿಕೊಂಡದ್ದು ಹೇಗೆ? ಅದಕ್ಕೆ ಊರಿನ ಚರಿತ್ರೆಯನ್ನೇ ಕೇಳಬೇಕು.

ಹಳೆಯ ಹೈದರಾಬಾದಿನ ಸಿರಿವಂತರು ಇದ್ದದ್ದು ದೇವಡಿಗಳಲ್ಲಿ. ಎತ್ತರದ ಸುತ್ತುಗೋಡೆ, ನಡುವೆ ಅಂಗಳ, ಕಲ್ಲು ಗಾರೆಯ ದಪ್ಪ ಗೋಡೆ. ಅಡಿಗೆಮನೆ, ಅಂದರೆ ಬಾವರ್ಚಿಖಾನೆ, ಮಲಗುವ ಕಡೆಯಿಂದ ದೂರ. ಅಲ್ಲಿ ಒಲೆಗೂ ಹಾಸಿಗೆಗೂ ನಡುವೆ ಒಂದು ಅಂಗಳವೇ ಇರುತ್ತಿತ್ತು. ಬಡವರ ಮನೆಗಳು ಮಾತ್ರ ಗೋಡೆಗೆ ಗೋಡೆ ಅಂಟಿಕೊಂಡು ನದಿಯ ದಂಡೆಯ ತನಕ ಒತ್ತಾಗಿ ಬೆಳೆದಿದ್ದವು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಬಂದು ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಆಮೇಲೆ ಸರ್ಕಾರ ಕರೆಸಿಕೊಂಡದ್ದು ನಮ್ಮವರೇ ಆದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು ಪ್ರವಾಹ ತಡೆಯಲು ಜಲಾಶಯಗಳ ಯೋಜನೆ ಕೊಟ್ಟರು, ಒಳಚರಂಡಿಯ ಯೋಜನೆಗೂ ಕೈಹಾಕಿದರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಹುಟ್ಟಿತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸುವುದು, ರಸ್ತೆ ಅಗಲ ಮಾಡುವುದು, ಗಾಳಿ ಬೆಳಕಿರುವ ಮನೆ ಕಟ್ಟಿಸುವುದು ಅದರ ಕೆಲಸ. ಮನೆಗೂ ಮನೆಗೂ ನಡುವೆ ಒಂದಿಷ್ಟು ಗಾಳಿ ಆಡಲಿ ಎಂದು ಸರ್ಕಾರವೇ ಯೋಚಿಸಿದ ಕಾಲ ಅದು.

ಆದರೆ ಬಿಡಿಸಿದ್ದು ಮತ್ತೆ ಒತ್ತಿಕೊಂಡಿತು. 1948ರ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಾಗೀರು ಪದ್ಧತಿ ರದ್ದಾಯಿತು. ಜಾಗೀರಿನ ಉತ್ಪನ್ನ ನಿಂತ ಮೇಲೆ ದೇವಡಿ ಸಾಕುವುದು ಹೇಗೆ? ಒಂದೊಂದು ಮಗ್ಗುಲು ಮಾರಾಟಕ್ಕೆ, ಬಾಡಿಗೆಗೆ ಹೋಯಿತು. 1956ರಲ್ಲಿ ಹೈದರಾಬಾದ್ ರಾಜ್ಯವೇ ಮೂರು ಪಾಲಾಯಿತು. ನಮ್ಮ ರಾಯಚೂರು, ಗುಲಬರ್ಗಾ, ಬೀದರ ಮೈಸೂರಿಗೆ ಸೇರಿದವು, ಮರಾಠವಾಡಾ ಮುಂಬಯಿಗೆ. ಉಳಿದದ್ದು ಆಂಧ್ರದ ಜೊತೆ ಕೂಡಿ, ಹೈದರಾಬಾದು ದೊಡ್ಡ ರಾಜ್ಯದ ರಾಜಧಾನಿಯಾಯಿತು. ಕೆಲವು ಕನ್ನಡಿಗ ನೌಕರರು ಗಂಟುಮೂಟೆ ಕಟ್ಟಿದರು, ಕೆಲವರು ಕಾಚಿಗುಡ, ಬರ್ಕತ್‌ಪುರ, ಸುಲ್ತಾನ್ ಬಜಾರಿನ ಗಲ್ಲಿಗಳಲ್ಲೇ ಉಳಿದರು. ಆಚೆಯಿಂದ ಬಂದವರೋ ಲೆಕ್ಕವಿಲ್ಲ. ಹೀಗೆ ಬಂದವರಿಗೆಲ್ಲ ಮನೆ ಬೇಕಾಯಿತು. ಆಗ ಹುಟ್ಟಿದ್ದೇ ‘ಪೋರ್ಷನ್’ ಎಂಬ ಹೈದರಾಬಾದಿ ಪದ. ಒಂದು ಮನೆಯನ್ನು ಮೂರು ನಾಲ್ಕು ತುಂಡು ಮಾಡಿದರೆ ಒಂದೊಂದು ತುಂಡೂ ಒಂದು ಪೋರ್ಷನ್. ಅಂಗಳಕ್ಕೆ ತಗಡು ಹೊದಿಸಿದರೆ ಅದೂ ಒಂದು ಪೋರ್ಷನ್. ಹಿಂದೆ ಸಾಮಾನು ಇಡುತ್ತಿದ್ದ ಕೋಣೆ ಈಗ ಯಾರದೋ ಮಲಗುವ ಕೋಣೆ. ಅದರ ಹಿಂಗೋಡೆಯ ಆಚೆ ಮೊದಲಿನಿಂದಲೂ ಭಟ್ಟಿ ಉರಿಯುತ್ತಲೇ ಇತ್ತು. ಸಾಮಾನಿಗೆ ಸೆಕೆ ಆಗುತ್ತಿರಲಿಲ್ಲ, ಅಷ್ಟೆ.

ಅಂಥದೊಂದು ಪೋರ್ಷನ್ನಿನಲ್ಲಿ ನಾವು 1988ರಿಂದ ಮೂರು ವರ್ಷ ಇದ್ದೆವು. ಕಾಚಿಗುಡ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ರಾಯಚೂರಿನಿಂದ ಬರುವ ನೆಂಟರಿಗೆ ಸುಲಭ. ಆ ಸುತ್ತಿನಲ್ಲೇ ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ. ತರಕಾರಿ ಕೊಳ್ಳುವಾಗ ಹಿಂದಿನಿಂದ ಯಾರೋ ಕನ್ನಡದಲ್ಲಿ ಕರೆದಂತಾಗಿ ತಿರುಗಿ ನೋಡುವ ಸುಖ ಅಲ್ಲಿತ್ತು. ಬಾಡಿಗೆ ಆರುನೂರು. ದೀಪಾವಳಿ ಮುಗಿದು ಚಳಿ ಬಿದ್ದಾಗ ಮನೆ ಹಿಡಿದದ್ದರಿಂದ ಕೋಣೆ ಬೆಚ್ಚಗಿದೆ ಅಂತ ನಮ್ಮ ಮನೆಯವರಿಗೆ ಸಂತೋಷವೇ ಆಯಿತು. ನೆನೆದ ಬಟ್ಟೆ ಆ ಗೋಡೆಗೆ ಹಗ್ಗ ಕಟ್ಟಿ ಹಾಕಿದರೆ ಒಂದು ತಾಸಿನಲ್ಲಿ ಗರಿಗರಿ. ಶಂಡಿಗೆ ಒಣಗುತ್ತಿತ್ತು. ಪಕ್ಕದ ಪೋರ್ಷನ್ನಿನ ಅಜ್ಜಿಯೊಬ್ಬರು ಮೊಣಕಾಲು ನೋವೆಂದು ಸಂಜೆ ಬಂದು ಆ ಗೋಡೆಗೆ ಕಾಲು ಚಾಚಿ ಕೂಡುತ್ತಿದ್ದರು.

ಜನವರಿಯಲ್ಲಿ ಮಗಳು ಹುಟ್ಟಿದಳು. ಯುಗಾದಿ ಹತ್ತಿರ ಬರುತ್ತಲೇ ಗೋಡೆ ತನ್ನ ನಿಜರೂಪ ತೋರಿಸಿತು. ಆ ವರ್ಷ ರಂಜಾನ್ ಏಪ್ರಿಲಿನಲ್ಲಿ ಬಿತ್ತು. ಬೇಕರಿ ಹಗಲೂ ರಾತ್ರಿ ಉರಿಯತೊಡಗಿತು. ರಾತ್ರಿ ಹೆಪ್ಪು ಹಾಕಿದ ಮೊಸರು ಬೆಳಗಾಗುವಷ್ಟರಲ್ಲಿ ಹುಳಿ ಹುಳಿ. ದೋಸೆ ಹಿಟ್ಟು ಪಾತ್ರೆಯಿಂದ ಇಳಿದು ನೆಲದ ಮೇಲೆ ಹರಿಯುತ್ತಿತ್ತು. ತುಪ್ಪ ಗಟ್ಟಿಯಾದದ್ದೇ ನೋಡಲಿಲ್ಲ. ಇವೆಲ್ಲ ನಗುವ ಮಾತು. ನಗಲಾಗದ ಮಾತೆಂದರೆ ಮೂರು ತಿಂಗಳ ಕೂಸಿನ ಬೆನ್ನು, ಕುತ್ತಿಗೆ ತುಂಬ ಬೆವರುಸಾಲೆ ಎದ್ದು ರಾತ್ರಿಯಿಡೀ ಅಳತೊಡಗಿದ್ದು. ಎರಡು ಸಲ ಜ್ವರ ಬಂತು. ಡಾಕ್ಟರು ನೋಡಿ, ‘ಇದು ಔಷಧದಿಂದ ಹೋಗುವುದಲ್ಲ, ಮಗುವನ್ನು ತಂಪಾದ ಜಾಗದಲ್ಲಿ ಮಲಗಿಸಿ. ಇಷ್ಟು ಸಣ್ಣ ಕೂಸಿಗೆ ಮೈನೀರು ಆರಿದರೆ ಅಪಾಯ’ ಎಂದರು. ಇದ್ದದ್ದೇ ಒಂದೂವರೆ ಕೋಣೆ. ಮಲಗಿಸಲು ಮತ್ತೆ ಜಾಗ ಎಲ್ಲಿ? ಕೊನೆಗೆ ತಾಯಿ ಮಗುವನ್ನು ರಾಯಚೂರಿಗೆ ಕಳಿಸಿದೆ. ಬೇಸಿಗೆಯ ಸೆಕೆ ತಪ್ಪಿಸಿಕೊಳ್ಳಲು ರಾಯಚೂರಿಗೆ ಹೋದವರು ಚರಿತ್ರೆಯಲ್ಲಿ ಇವರಿಬ್ಬರೇ ಇರಬೇಕು.

ಒಬ್ಬನೇ ಉಳಿದಾಗ ಗೋಡೆಯ ಲೆಕ್ಕ ಹಾಕಲು ಕೂತೆ. ಕಾಮರ್ಸ್ ಓದಿದವನಿಗೆ ಇದು ಹೊಸ ವಿದ್ಯೆ. ಸಹೋದ್ಯೋಗಿಯೊಬ್ಬರ ತಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿದ್ದ. ಅವನಿಂದ ಥರ್ಮಾಮೀಟರ್ ತರಿಸಿ, ಗೋಡೆಗೆ ಹತ್ತಿ ಇಟ್ಟು ಕಟ್ಟಿ ನೋಡಿದೆವು. 48 ಡಿಗ್ರಿ! ಕೋಣೆಯ ಗಾಳಿ 34. ಅವನು ವಿವರಿಸಿದ್ದು ಇಷ್ಟು. ಇಟ್ಟಿಗೆ ಬಿಸಿಯನ್ನು ತಡೆಯುವುದಿಲ್ಲ, ತಡಮಾಡುತ್ತದೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಒಂದು ಮೈಗೆ ತಾಗಿದ ಕಾವು ಇನ್ನೊಂದು ಮೈಗೆ ಬರಲು ಸುಮಾರು ಆರೇಳು ತಾಸು ಬೇಕು. ಆಚೆ ಮಧ್ಯಾಹ್ನ ಕೊಟ್ಟ ಉರಿ ಈಚೆ ನಾವು ಹಾಸಿಗೆ ಹಾಸುವ ಹೊತ್ತಿಗೆ ಸರಿಯಾಗಿ ಬಂದಿಳಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಮುಂಗಡ ತಾರೀಖಿನ ಚೆಕ್ಕು. ಆಚೆಯ ಮೈ 90 ಡಿಗ್ರಿ, ಈಚೆಯದು ಸುಮಾರು 50 ಎಂದಿಟ್ಟುಕೊಂಡರೆ, ಒಂದು ಚದರ ಮೀಟರ್ ಗೋಡೆಯಿಂದ ಹೆಚ್ಚುಕಡಿಮೆ 140 ವ್ಯಾಟ್ ಬಿಸಿ ಒಳಗೆ ಬರುತ್ತದೆ. ನಾಲ್ಕು ಚದರ ಮೀಟರಿಗೆ 560. ಅರವತ್ತು ವ್ಯಾಟಿನ ಒಂಬತ್ತು ಬಲ್ಬುಗಳನ್ನು ತೊಟ್ಟಿಲ ಪಕ್ಕದಲ್ಲಿ ಹಗಲೂ ರಾತ್ರಿ ಉರಿಸಿಟ್ಟ ಹಾಗೆ!

ಸಲಹೆ ಕೊಡುವವರಿಗೆ ಬರವಿರಲಿಲ್ಲ. ಸುಣ್ಣ ಬಳಿಯಿರಿ ಎಂದರು ಒಬ್ಬರು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ ನಿಜ, ಆದರೆ ಗೋಡೆಯ ಒಳಗಿನಿಂದಲೇ ಬರುವ ಕಾವಿಗೆ ಅದು ಏನೂ ಮಾಡದು. ಗೋಣಿತಾಟು ನೆನೆಸಿ ತೂಗುಬಿಡಿ ಎಂದರು ಇನ್ನೊಬ್ಬರು. ಎರಡು ದಿನ ತಂಪು ಅನಿಸಿತು, ಮೂರನೆಯ ದಿನ ಕೋಣೆ ಹಬೆಯಲ್ಲಿಟ್ಟ ಇಡ್ಲಿ ಪಾತ್ರೆಯಾಗಿ, ಗಾರೆ ಪುಡಿಪುಡಿಯಾಗಿ ಉದುರತೊಡಗಿತು. ಕಪಾಟು ತಂದು ಅಡ್ಡ ಇಡಿ ಎಂದರು ಮತ್ತೊಬ್ಬರು. ಕಪಾಟಿನೊಳಗಿನ ರೇಷ್ಮೆ ಸೀರೆ, ಎಲ್‌ಐಸಿ ಪಾಲಿಸಿಗಳು ಬೆಚ್ಚಗಾದವು. ಬಿಸಿ ಬರುವ ಜಾಗದಲ್ಲೇ ಅದನ್ನು ತಡೆಯದೆ ನಮ್ಮ ಕಡೆ ಏನು ಮಾಡಿದರೂ ಅರ್ಧಂಬರ್ಧ.

ಹಾಗಾದರೆ ಕಾನೂನು ಏನನ್ನುತ್ತದೆ? ನಡುಗೋಡೆಯ ಕಾವಿಗೂ ಒಂದು ಕಾನೂನಿನ ಚರಿತ್ರೆ ಇದೆ, ಅದೂ ಸಣ್ಣದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಎಲ್ಲರಿಗೂ ಗೊತ್ತು. ಅದರಲ್ಲಿ ರಾಜ, ಗೂಢಚಾರ, ಖಜಾನೆ ಇಷ್ಟೇ ಇದೆ ಎಂದುಕೊಂಡವರು ಮೂರನೆಯ ಅಧಿಕರಣದಲ್ಲಿ ಮನೆ ಕಟ್ಟುವ ಪ್ರಕರಣ ನೋಡಬೇಕು. ಬೆಂಕಿಯ ಜಾಗ, ನೀರಿನ ಜಾಗ, ಬೀಸುವ ಕುಟ್ಟುವ ಜಾಗ, ದನಗಳ ಜಾಗ ಇವನ್ನೆಲ್ಲ ಇಂತಿಷ್ಟು ಅಂತರ ಬಿಟ್ಟೇ ಮಾಡಿಕೊಳ್ಳಬೇಕು, ಮನೆ ಮನೆಗಳ ನಡುವೆ ಸಂದು ಇರಬೇಕು ಎಂದು ಅಲ್ಲಿ ಲೆಕ್ಕ ಕೊಟ್ಟು ಹೇಳಿದೆ. ಅತ್ತ ತುರ್ಕಿಯ ಉಸ್ಮಾನಿ ಸಾಮ್ರಾಜ್ಯದಲ್ಲಿ 1876ರ ಹೊತ್ತಿಗೆ ಪೂರ್ಣಗೊಂಡ ‘ಮೆಜೆಲ್ಲೆ’ ಎಂಬ ಸಂಹಿತೆಯ 1200ನೆಯ ಕಲಮು, ನೆರೆಯಲ್ಲಿ ಒಲೆ ಹೂಡಿದ್ದರಿಂದ ಹೊಗೆಗೆ ಮನೆಯವನು ಇರಲಾರದಂತಾದರೆ ಅದು ಮಿತಿಮೀರಿದ ಹಾನಿ, ಹೇಗಾದರೂ ನಿವಾರಿಸಬೇಕು ಎನ್ನುತ್ತದೆ. ಕಮ್ಮಾರನ ಕುಲುಮೆಯ ಬಡಿತಕ್ಕೂ ಅದೇ ನ್ಯಾಯ.

ಇಂಗ್ಲೆಂಡಿನಲ್ಲಿ ಇಂಥ ಮೂರು ಮೊಕದ್ದಮೆಗಳು ಹತ್ತು ವರ್ಷದೊಳಗೆ ನಡೆದವು. 1879ರಲ್ಲಿ ಸ್ಟರ್ಜಸ್ ಎಂಬ ವೈದ್ಯನಿಗೂ ಬ್ರಿಡ್ಜ್‌ಮನ್ ಎಂಬ ಮಿಠಾಯಿಗಾರನಿಗೂ ಜಗಳ. ಮಿಠಾಯಿಗಾರ ಇಪ್ಪತ್ತು ವರ್ಷಕ್ಕೂ ಹಿಂದಿನಿಂದ ಒರಳಲ್ಲಿ ಕುಟ್ಟುತ್ತಿದ್ದ. ವೈದ್ಯ ಆಮೇಲೆ ಬಂದು ಆ ಗೋಡೆಗೆ ತಾಗಿಸಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿದ. ‘ನಾನು ಮೊದಲಿನಿಂದ ಇದ್ದೇನೆ’ ಎಂಬ ಮಿಠಾಯಿಗಾರನ ವಾದವನ್ನು ಕೋರ್ಟು ಒಪ್ಪಲಿಲ್ಲ. 1889ರಲ್ಲಿ ರೈನ್‌ಹಾರ್ಟ್ ಮತ್ತು ಮೆಂಟಾಸ್ಟಿ ನಡುವಿನ ದಾವೆಯಂತೂ ಸಾಕ್ಷಾತ್ ನಮ್ಮದೇ ಕಥೆ. ಹೋಟೆಲಿನವರು ಗೋಡೆಗೆ ಒಲೆ ಹೂಡಿದರು, ಆಚೆಯವನ ದ್ರಾಕ್ಷಾರಸದ ನೆಲಮಾಳಿಗೆ ಕಾದು ಕೆಟ್ಟಿತು. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ರಾಬಿನ್‌ಸನ್ ಎಂಬವನು ಕಿಲ್ವರ್ಟ್ ಎಂಬವನ ಮೇಲೆ ಹೂಡಿದ ದಾವೆಯಲ್ಲಿ ಮಾತ್ರ ತೀರ್ಪು ಉಲ್ಟಾ. ಕೆಳಗಿನ ನೆಲಮಾಳಿಗೆಯ ಬಿಸಿಯಿಂದ ಮೇಲಿನವನ ಕಂದು ಕಾಗದ ಒಣಗಿ ತೂಕ ಕಡಿಮೆಯಾಗಿತ್ತು. ಸಾಮಾನ್ಯ ಕಾಗದಕ್ಕೆ, ಸಾಮಾನ್ಯ ಮನುಷ್ಯರಿಗೆ ತೊಂದರೆಯಾಗದ ಬಿಸಿ ಅದು, ನಿನ್ನ ಸರಕೇ ಅತಿ ನಾಜೂಕು, ಅದಕ್ಕೆ ನೆರೆಯವನೇನು ಮಾಡಿಯಾನು ಎಂದರು ನ್ಯಾಯಮೂರ್ತಿಗಳು. ಹಾಗಾದರೆ ಪ್ರಶ್ನೆ ಉಳಿಯುವುದು ಇಷ್ಟೇ: ಮೂರು ತಿಂಗಳ ಕೂಸು ನಾಜೂಕು ಸರಕೋ, ಸಾಮಾನ್ಯ ಮನುಷ್ಯನೋ?

ನಮ್ಮಲ್ಲಿ 1882ರ ಈಸ್ಮೆಂಟ್ ಕಾಯ್ದೆ ಬಂತು. ಮೊದಲಿಗೆ ಅದು ಜಾರಿಯಾದದ್ದು ಮದರಾಸು, ಮಧ್ಯಪ್ರಾಂತ್ಯ ಮತ್ತು ನಮ್ಮ ಕೊಡಗಿನಲ್ಲಿ. ನೆರೆಯವನ ಗದ್ದಲದಿಂದ, ಅದುರಿನಿಂದ ಮನೆಯವನ ದೇಹಸುಖಕ್ಕೆ ಮಿತಿಮೀರಿ ಭಂಗ ಬರಬಾರದು ಎಂಬ ಹಕ್ಕನ್ನು ಅದರ 7ನೆಯ ಕಲಮು ಉದಾಹರಣೆ ಸಮೇತ ಹೇಳುತ್ತದೆ. ಇಡೀ ಬೀದಿಗೆ ಉಪದ್ರವವಾಗುವ ಕಸುಬಿದ್ದರೆ ಮ್ಯಾಜಿಸ್ಟ್ರೇಟರು ತಡೆಯಬಹುದು. ಅದು ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಾಗಿತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯದು. ಆದರೆ ಒಂದೇ ಮನೆಗೆ ಆಗುವ ತೊಂದರೆಗೆ ಸಿವಿಲ್ ಕೋರ್ಟೇ ಗತಿ. ವಕೀಲ ಮಿತ್ರರೊಬ್ಬರು ಆಗ ನಗುತ್ತ ಹೇಳಿದ್ದು ನೆನಪಿದೆ: ‘ಕೇಸು ಹಾಕ್ರಿ. ತೀರ್ಪು ಬರೋದ್ರೊಳಗ ನಿಮ್ಮ ಮಗಳು ತಾನೇ ವಕೀಲಿ ಓದಿ ವಾದ ಮಾಡ್ತಾಳ.’

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಊರು ಬಿಟ್ಟು ಹೋದವರಿಗೆ ಮಾತ್ರ ಗೊತ್ತಾಗುವಂಥದ್ದು. ಸ್ವಂತ ಊರಿನಲ್ಲಿ ಗೋಡೆ ಕಾದರೆ ಮನುಷ್ಯ ಮರುಗಳಿಗೆಯೇ ಪಕ್ಕದ ಮನೆಗೆ ಹೋಗಿ ‘ಏನೋ ಇದು’ ಎನ್ನುತ್ತಾನೆ. ಪರಊರಿನಲ್ಲಿ ಹಾಗಲ್ಲ. ನಾವು ಬಂದವರು, ಅವರು ಇದ್ದವರು. ಭಾಷೆ ಬೇರೆ, ಮತ ಬೇರೆ. ಮೇಲಾಗಿ ನಾವು ಬಾಡಿಗೆದಾರರು. ಗೋಡೆಯೇ ನಮ್ಮದಲ್ಲ, ಅದರ ಬಿಸಿಯ ಬಗ್ಗೆ ದೂರು ಹೇಳಲು ನಮಗೇನು ಅಧಿಕಾರ? ನಾಲ್ಕು ವರ್ಷಕ್ಕೆ ವರ್ಗ ಆಗುವವರು, ಸಹಿಸಿಕೊಂಡರಾಯಿತು ಎಂದು ಎಷ್ಟೋ ಜನ ಹೀಗೆಯೇ ಕಾಲ ತಳ್ಳುತ್ತಾರೆ. ರಂಜಾನಿನ ತಿಂಗಳಲ್ಲಿ ಹೋಗಿ ಭಟ್ಟಿಯ ಬಗ್ಗೆ ಮಾತಾಡಿದರೆ ಅದಕ್ಕೆ ಇಲ್ಲದ ಬಣ್ಣ ಬಂದೀತು ಎಂದು ಮನೆ ಮಾಲೀಕರೂ ಹೆದರಿಸಿದರು. ‘ಬೇಕಾದ್ರ ಮನಿ ಬಿಡ್ರಿ’ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಮಗಳನ್ನು ಊರಿಗೆ ಕಳಿಸಿದ ಮೇಲೆ ನಾನು ಹೋದೆ. ಇಫ್ತಾರ್ ಮುಗಿದು ಜನ ಕರಗಿದ ಹೊತ್ತು. ಬೇಕರಿಯ ಹಿರಿಯರು ಗಲ್ಲೆಯ ಮೇಲಿದ್ದರು. ನಾನು ದೂರು ಹೇಳುವ ಮೊದಲೇ ‘ಬೈಠೋ ಸಾಬ್’ ಎಂದು ಚಹಾ ತರಿಸಿದರು. ವಿಷಯ ಕೇಳಿ ಅವರಿಗೆ ಆಶ್ಚರ್ಯ. ‘ಆ ಗೋಡೆಯ ಹಿಂದೆ ಗೋದಾಮು ಇತ್ತಲ್ಲ, ಮನೆ ಯಾವಾಗಾಯಿತು?’ ಎಂದರು. ನಲವತ್ತು ವರ್ಷದಿಂದ ಉರಿಯುತ್ತಿದ್ದ ಭಟ್ಟಿಯ ಈಚೆ ತೊಟ್ಟಿಲು ಇದೆ ಎಂಬುದು ಅವರಿಗೆ ಗೊತ್ತೇ ಇರಲಿಲ್ಲ. ಆದರೂ ಭಟ್ಟಿ ಮುಟ್ಟುವ ಮಾತಿಗೆ ಮಾತ್ರ ‘ನಕ್ಕೋ ಸಾಬ್, ಧಂಧಾ ನಿಂತು ಹೋಗ್ತದೆ’ ಎಂದು ತಲೆಯಾಡಿಸಿದರು. ನೋಡಿಯಾದರೂ ಬರುತ್ತೇನೆ ಎಂದು ಕೇಳಿ ಒಳಗೆ ಹೋದೆ.

ಒಳಗೆ ಮೂರು ನಾಲ್ಕು ಜನ ಬನಿಯನ್ನಿನಲ್ಲಿ ಹಿಟ್ಟು ನಾದುತ್ತಿದ್ದರು. ಭಟ್ಟಿಯ ಬಾಯಿ ಮುಂದೆ ಉದ್ದ ಹಲಗೆ ಹಿಡಿದು ನಿಂತಿದ್ದ ಹುಡುಗ ನನ್ನ ಉರ್ದು ಕೇಳಿ ಕನ್ನಡದಲ್ಲೇ ಮಾತಾಡಿಸಿದ. ಬೀದರ ಜಿಲ್ಲೆಯ ಹಳ್ಳಿಯವನು. ಗೋಡೆಯ ಈಚೆ ರಾಯಚೂರಿನವನು, ಆಚೆ ಬೀದರಿನವನು. ಆರು ತಿಂಗಳಿಂದ ಒಂದೇ ಗೋಡೆಗೆ ಬೆನ್ನು ಕೊಟ್ಟಿದ್ದೆವು! ‘ನಿಮಗ ಗ್ವಾಡಿ ಅಷ್ಟೇ ಬಿಸಿ ಆಗ್ಯದರಿ ಸಾಹೇಬ್ರ, ನಾವು ಒಲಿ ಬಾಯಾಗೇ ಇದ್ದೀವ್ರಿ’ ಎಂದು ನಕ್ಕ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಕೈಮೇಲೆಲ್ಲ ಸುಟ್ಟ ಕಲೆ. ಅವನೇ ಭಟ್ಟಿಯ ಮಗ್ಗುಲು ತೋರಿಸಿ ರೋಗದ ಮೂಲ ಹೇಳಿದ. ಭಟ್ಟಿಯ ಕಮಾನಿಗೂ ನಡುಗೋಡೆಗೂ ನಡುವೆ ಇದ್ದ ಸಂದಿಗೆ ಹಿಂದೆ ಯಾರೋ ಮಣ್ಣು, ಕಲ್ಲುಚೂರು ತುಂಬಿ ಬಿಗಿಸಿದ್ದರು. ಬಿಸಿ ಅದರ ಮೂಲಕ ನೇರ ಗೋಡೆಗೆ ಇಳಿಯುತ್ತಿತ್ತು. ‘ಆ ಮಣ್ಣು ತೆಗೆದ್ರ ಗಾಳಿ ಆಡ್ತದರಿ. ಮ್ಯಾಲ ಒಂದು ಕೊಳವಿ ಬಿಟ್ರ ಕಾವು ಹೊರಗ ಹೋಗ್ತದ. ನಮಗೂ ಒಂಚೂರು ಉಸಿರು ಬಂದಂಗ ಆಗ್ತದ’ ಎಂದ. ಪ್ರಯೋಗಶಾಲೆಯ ಹುಡುಗ ಹೇಳಿದ್ದೂ ಅದನ್ನೇ, ಬರೀ ಭಾಷೆ ಬೇರೆ.

ಅವನ ಮಾತಿನಿಂದ ಹಿರಿಯರೂ ಮೆತ್ತಗಾದರು. ಆದರೆ ಭಟ್ಟಿ ಆರದೆ ಕೆಲಸ ಮಾಡುವಂತಿಲ್ಲ, ಭಟ್ಟಿ ಆರುವುದು ವರ್ಷದಲ್ಲಿ ಕೆಲವೇ ದಿನ. ‘ಈದ್ ಆಗಲಿ, ಮೂರು ದಿನ ಬಂದ್ ಇರುತ್ತದೆ’ ಎಂದರು. ಖರ್ಚು ಎರಡು ಸಾವಿರದ ನಾನೂರು. ನಾನು ಮೂರು ಪಾಲು ಮಾಡಿದೆ: ಬೇಕರಿಯವರದೊಂದು, ಮನೆ ಮಾಲೀಕರದೊಂದು, ನಮ್ಮದೊಂದು. ಬಾಡಿಗೆದಾರ ಗೋಡೆಗೆ ದುಡ್ಡು ಹಾಕುವುದೇ ಎಂದು ಸಹೋದ್ಯೋಗಿಗಳು ನಕ್ಕರು. ಎಂಟುನೂರು ನನಗೆ ಭಾರವೇ. ಆದರೆ ನನ್ನ ಪಾಲು ಮೊದಲು ಮೇಜಿನ ಮೇಲೆ ಇಟ್ಟ ಮೇಲೆ ಮಾಲೀಕರು ಇಲ್ಲ ಎನ್ನಲಾಗಲಿಲ್ಲ.

ಮೇ ತಿಂಗಳ ಮೊದಲ ವಾರ ಈದ್ ಬಂತು. ಬೆಂಕಿ ಆರಿದರೂ ಗೋಡೆ ಮೊದಲ ರಾತ್ರಿ ಬಿಸಿಯಾಗಿಯೇ ಇತ್ತು. ಎರಡನೆಯ ದಿನಕ್ಕೆ ಗಾರೆಯವರು ಕೈ ಹಾಕಿದರು. ತುಂಬಿದ್ದ ಮಣ್ಣು ತೆಗೆದು, ಭಟ್ಟಿಯ ಮಗ್ಗುಲಿಗೆ ಒತ್ತಾಸೆಯಾಗಿ ಅರ್ಧ ಇಟ್ಟಿಗೆಯ ಗೋಡೆ ಕಟ್ಟಿದರು. ಅದಕ್ಕೂ ನಡುಗೋಡೆಗೂ ನಡುವೆ ನಾಲ್ಕು ಇಂಚು ಖಾಲಿ ಬಿಟ್ಟರು. ಕೆಳಗೆ ಗಾಳಿ ಬರಲು ಕಿಂಡಿ, ಮೇಲೆ ಹೋಗಲು ಸೂರಿನ ಹೊರಗೆ ಮಣ್ಣಿನ ಕೊಳವೆ. ಬಿಸಿಯಾದ ಗಾಳಿ ತಾನೇ ಮೇಲೇರುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯದು ಬರುತ್ತದೆ. ಫ್ಯಾನ್ ಬೇಡ, ಕರೆಂಟ್ ಬೇಡ. ಭಟ್ಟಿ ಮತ್ತೆ ಹೊತ್ತಿಸಿ ಒಂದು ವಾರ ಆದ ಮೇಲೆ ಅದೇ ಥರ್ಮಾಮೀಟರ್ ಕಟ್ಟಿ ನೋಡಿದಾಗ ಗೋಡೆ 38ಕ್ಕೆ ನಿಂತಿತ್ತು. ಮೇ ತಿಂಗಳ ಹೈದರಾಬಾದಿನಲ್ಲಿ ಅದು ಯಾವ ಗೋಡೆಗಾದರೂ ಇರುವ ಬಿಸಿಯೇ. ಜೂನಿನಲ್ಲಿ ಮಳೆ ಬೀಳುತ್ತಲೇ ತಾಯಿ ಮಗು ವಾಪಸು ಬಂದರು. ಪಕ್ಕದ ಅಜ್ಜಿಗೆ ಮಾತ್ರ ಮುಂದಿನ ಚಳಿಗಾಲದಲ್ಲಿ ಸ್ವಲ್ಪ ನಿರಾಸೆಯಾಯಿತು.

ಇಂಥ ಗೋಡೆ ಇರುವವರಿಗೆ ಎರಡು ಮಾತು. ಆಗೆಲ್ಲ ಒಲೆಯ ಹಿಂದೆ ಆಸ್ಬೆಸ್ಟಾಸ್ ಹಲಗೆ ಹೊಡೆಯುವುದು ರೂಢಿಯಲ್ಲಿತ್ತು, ನಮಗೂ ಕೆಲವರು ಅದನ್ನೇ ಹೇಳಿದ್ದರು. ಅದರ ಧೂಳು ಕ್ಯಾನ್ಸರಿಗೆ ಕಾರಣ ಎಂಬುದು ಈಗ ನಿಸ್ಸಂದೇಹ. ಹಳೆಯ ಹಲಗೆ ಇದ್ದರೆ ಅದನ್ನು ಕೊರೆಯಲು, ಒಡೆಯಲು ಹೋಗಬೇಡಿ. ಇನ್ನು, ಕಾಯುವ ಗೋಡೆಯ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಇಡಬೇಡಿ. ನಮ್ಮ ಕಡೆಯಿಂದ ಏನಾದರೂ ಮಾಡಲೇಬೇಕಾದರೆ ಗೋಡೆಗೆ ಅಂಟಿಸದೆ, ಮೇಲೂ ಕೆಳಗೂ ತೆರೆದ ಸಂದು ಬಿಟ್ಟು ಹೊಳೆಯುವ ತಗಡಿನ ಪರದೆ ನಿಲ್ಲಿಸುವುದು ಮೇಲು. ನಿಜವಾದ ಔಷಧ ಗೋಡೆಯ ಆಚೆಗೇ ಆಗಬೇಕು, ಅದಕ್ಕೆ ಆಚೆಯವರ ಜೊತೆ ಮಾತಾಡಲೇಬೇಕು.

ಈಗ ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ಭಟ್ಟಿ ಇಲ್ಲ, ಆದರೆ ಪಕ್ಕದವರ ಏಸಿಯ ಹೊರಪೆಟ್ಟಿಗೆ ನಮ್ಮ ಕಿಟಕಿಯ ಕಡೆಗೇ ಉಗುಳುತ್ತದೆ. ಅವರ ಕೋಣೆಯ ಸೆಕೆ ನಮ್ಮ ಕೋಣೆಗೆ. 2023ರಲ್ಲಿ ತೆಲಂಗಾಣ ಸರ್ಕಾರ ತಂಪು ಛಾವಣಿಯ ನೀತಿ ತಂದಿತು, ಒಳ್ಳೆಯದೇ. ಮೇಲಿನ ಬಿಸಿಲಿಗೆ ಅದು ಸಾಕು, ಪಕ್ಕದಿಂದ ಬರುವ ಕಾವಿಗೆ ಅದರಲ್ಲಿ ಮದ್ದಿಲ್ಲ. ಕಳೆದ ಬೇಸಿಗೆ ಮೇಲಿನ ಮಹಡಿಗೆ ಹೊಸದಾಗಿ ಬಂದ ದಾವಣಗೆರೆಯ ದಂಪತಿ, ‘ಹೇಗೆ ಹೇಳೋದು ಅಂಕಲ್, ನಾವು ಹೊಸಬರು, ಬೇಜಾರು ಮಾಡ್ಕೊಂಡಾರು’ ಎಂದು ಕಿಟಕಿ ಮುಚ್ಚಿಕೊಂಡೇ ಕೂತಿದ್ದರು. ‘ಹೋಗಿ ಹೇಳಿ ತಾಯಿ’ ಎಂದೆ. ಅತಿಥಿಗಳು ದೂರು ಹೇಳುವುದಿಲ್ಲ, ಕೊಟ್ಟದ್ದು ಉಂಡು ಹೋಗುತ್ತಾರೆ. ಪಕ್ಕದ ಮನೆಯ ಬಾಗಿಲು ತಟ್ಟಿ ನಿಮ್ಮ ಬಿಸಿ ನಮ್ಮ ಕಡೆ ಬರುತ್ತಿದೆ ಎಂದು ಹೇಳಲು ಬಂದ ದಿನದಿಂದ ನಾವು ಆ ಊರಿನವರು. ಅವರು ಹೋಗಿ ಹೇಳಿದರು. ಪೆಟ್ಟಿಗೆಯ ಮುಖ ತಿರುಗಿಸಲು ಮೆಕಾನಿಕ್ ಬರುವುದು ಮುಂದಿನ ಭಾನುವಾರ ಎಂದು ಗೊತ್ತಾಯಿತು. ಆ ಭಾನುವಾರ ಅವನು ಬರಲಿಲ್ಲ, ಅದರ ಮುಂದಿನ ಭಾನುವಾರ ಬಂದ.